ಶಾರ್ಟ್‌ವೇವ್ ಕೇಳಿಸುತ್ತಿಲ್ಲವೇ? ಸೆಟ್ಟು ಬಿಚ್ಚುವ ಮೊದಲು ಇಷ್ಟು ನೋಡಿ

"ಎಫ್‌ಎಂ ಬರುತ್ತದೆ, ಶಾರ್ಟ್‌ವೇವ್ ಮಾತ್ರ ಇಲ್ಲ. ಮೊನ್ನೆ ಚೆನ್ನಾಗಿಯೇ ಬರುತ್ತಿತ್ತು." ಈ ದೂರು ಬಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ರೇಡಿಯೋದ ಹಿಂಬದಿಯ ಸ್ಕ್ರೂ ಬಿಚ್ಚುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಶಾರ್ಟ್‌ವೇವ್ ಅಲೆ ಸಾವಿರಾರು ಕಿಲೋಮೀಟರ್ ಆಚೆಯಿಂದ ಹೊರಟು, ಆಕಾಶದ ಮೇಲ್ಪದರದಲ್ಲಿ ಬಾಗಿ, ಕೆಳಗಿಳಿದು ನಿಮ್ಮ ಏರಿಯಲ್ ಮುಟ್ಟಬೇಕು. ಆ ದಾರಿ ದಿನಕ್ಕೆ ಹಲವು ಸಲ ಬದಲಾಗುತ್ತದೆ. ಹಾಗಾಗಿ ದೋಷ ನಾಲ್ಕು ಕಡೆ ಇರಬಹುದು: ಮನೆಯಲ್ಲಿ, ಸೆಟ್ಟಿನಲ್ಲಿ, ಸ್ಟೇಷನ್‌ನಲ್ಲಿ, ಆಕಾಶದಲ್ಲಿ.

ಒಳ್ಳೆಯ ಸುದ್ದಿ ಏನೆಂದರೆ, ಒಂದೊಂದು ದೋಷವೂ ತನ್ನದೇ ಗುರುತು ಬಿಡುತ್ತದೆ. ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಬ್ಯಾಂಡಿನಲ್ಲಿ ಇಲ್ಲ? ಯಾವ ಹೊತ್ತಿನಲ್ಲಿ ಇಲ್ಲ? ತಟ್ಟನೆ ನಿಂತಿತೇ, ನಿಧಾನವಾಗಿ ಕರಗಿತೇ? ಉತ್ತರ ಬರೆದಿಟ್ಟುಕೊಂಡು ಮುಂದೆ ಓದಿ. ಇಲ್ಲಿರುವ ಹೊತ್ತು, ದಿಕ್ಕು ಎಲ್ಲ ಕರ್ನಾಟಕದಲ್ಲಿ ಕೂತು ಕೇಳುವವರ ಲೆಕ್ಕ.

ಮೊದಲು ಮನೆಯ ಗದ್ದಲ

ಎಲ್ಲ ಬ್ಯಾಂಡಿನಲ್ಲೂ ಬರೀ ಬರ್ರ್ ಎನ್ನುವ ಸದ್ದು, ಹಗಲೂ ರಾತ್ರಿಯೂ ಒಂದೇ ತೆರನಾಗಿ ಬರುತ್ತಿದ್ದರೆ ಅದು ಆಕಾಶದ ಸದ್ದಲ್ಲ. ನಿಮ್ಮ ಮನೆಯದ್ದು, ಇಲ್ಲವೇ ಪಕ್ಕದ ಮನೆಯದ್ದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ವೈಫೈ ಪೆಟ್ಟಿಗೆ, ಇಂಡಕ್ಷನ್ ಒಲೆ, ಯುಪಿಎಸ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ತಾರಸಿಯ ಸೋಲಾರ್ ಇನ್ವರ್ಟರ್ ಎಲ್ಲವೂ ಶಾರ್ಟ್‌ವೇವ್‌ನಲ್ಲಿ ಕೂಗುತ್ತವೆ. ಅಗ್ಗದ ಚಾರ್ಜರ್ ಎಷ್ಟು ಅಗ್ಗವೋ ಕೂಗು ಅಷ್ಟು ಜಾಸ್ತಿ.

ಪರೀಕ್ಷೆ ಸುಲಭ. ರೇಡಿಯೋವನ್ನು ಸೆಲ್ಲಿನ ಮೇಲೆ ಓಡಿಸಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ಸನ್ನೂ ಆಫ್ ಮಾಡಬೇಕು, ಅದನ್ನು ಬಹಳ ಜನ ಮರೆಯುತ್ತಾರೆ. ಸದ್ದು ಬಿದ್ದುಹೋದರೆ ಕಳ್ಳ ಒಳಗೇ ಇದ್ದಾನೆ. ಒಂದೊಂದೇ ಸಾಮಾನು ಹಾಕುತ್ತಾ ಹೋಗಿ, ಸಿಕ್ಕಿಬೀಳುತ್ತಾನೆ. ಸದ್ದು ಹಾಗೇ ಉಳಿದರೆ ರೇಡಿಯೋ ಹಿಡಿದು ಬಯಲಿಗೆ ಹೋಗಿ. ಕರೆಂಟು ಕಂಬದ ಹತ್ತಿರ ಸದ್ದು ಏರಿ, ದೂರ ಹೋದಂತೆ ಇಳಿದರೆ ಕಂಬದ ಇನ್ಸುಲೇಟರ್ ಅಥವಾ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನಪಡಿ.

ಕರೆಂಟು ಹೋದ ರಾತ್ರಿ ಶಾರ್ಟ್‌ವೇವ್ ತುಂಬಾ ಚೆನ್ನಾಗಿ ಕೇಳಿಸುತ್ತದೆ. ಊರಿಗೆಲ್ಲ ಬೇಜಾರಾದ ಹೊತ್ತು ಕೇಳುಗನಿಗೆ ಮಾತ್ರ ಹಬ್ಬ.

ಆರ್‌ಸಿಸಿ ಮನೆಯ ಒಳಕೋಣೆಯಲ್ಲಿ ಕೂತು "ಏನೂ ಬರುತ್ತಿಲ್ಲ" ಅನ್ನುವವರೂ ಇದ್ದಾರೆ. ಗೋಡೆ, ಸೂರಿನೊಳಗಿನ ಕಬ್ಬಿಣದ ಜಾಲ ಅಲೆಯನ್ನು ತಡೆಯುತ್ತದೆ. ಕಿಟಕಿ ಹತ್ತಿರ ಬನ್ನಿ. ಏಳೆಂಟು ಮೀಟರ್ ತಂತಿಯನ್ನು ಹೊರಗೆ ಕಟ್ಟಿ, ಒಂದು ತುದಿಯನ್ನು ಏರಿಯಲ್ ಕಡ್ಡಿಗೆ ಕ್ಲಿಪ್ ಮಾಡಿದರೆ ಸಾಕು. ಗುಡುಗು ಸಿಡಿಲಿನ ಲಕ್ಷಣ ಕಂಡರೆ ಆ ತಂತಿಯನ್ನು ಮೊದಲೇ ತೆಗೆದುಬಿಡಿ. ಮಳೆ ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ಸೆಟ್ಟೇ ಕೆಟ್ಟಿದ್ದರೆ

ಮೀಡಿಯಂ ವೇವ್ ಬರುತ್ತದೆ, ಶಾರ್ಟ್‌ವೇವ್ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಇದು ಸೆಟ್ಟಿನ ದೋಷಕ್ಕೆ ತುಂಬಾ ಸಾಮಾನ್ಯ ಗುರುತು. ಮೀಡಿಯಂ ವೇವ್‌ಗೆ ಪೆಟ್ಟಿಗೆಯ ಒಳಗೆ ಏರಿಯಲ್ ಕೆಲಸ ಮಾಡುವ ಫೆರೈಟ್ ಕಡ್ಡಿ ಇರುತ್ತದೆ. ಶಾರ್ಟ್‌ವೇವ್‌ಗೆ ಹೊರಗಿನ ಏರಿಯಲ್ ಬೇಕು. ಏರಿಯಲ್ ಬುಡಕ್ಕೆ ಬೆಸೆದ ಸಣ್ಣ ತಂತಿ ತಿರುಗಿಸಿ ತಿರುಗಿಸಿ ಕಿತ್ತುಹೋಗಿರುತ್ತದೆ. ಬ್ಯಾಂಡಿನ ಹೆಸರಲ್ಲಿರುವ ಮೀಟರ್ ಅಂದರೆ ಅಲೆಯ ಉದ್ದ, ಅದು ಕಡಿಮೆಯಾದಷ್ಟೂ ಫ್ರೀಕ್ವೆನ್ಸಿ ಹೆಚ್ಚು. ರಾತ್ರಿ 31 ಮೀಟರ್‌ನಲ್ಲಿ ಇಟ್ಟು, ಏರಿಯಲ್ ಬುಡವನ್ನು ಬೆರಳಿನಿಂದ ಮುಟ್ಟಿ. ಸದ್ದಿನಲ್ಲಿ ಏನೂ ಬದಲಾವಣೆ ಇಲ್ಲದಿದ್ದರೆ ತಂತಿ ತುಂಡಾಗಿದೆ. ಅಥವಾ ಸಿಡಿಲಿನ ದಿನ ಉದ್ದ ತಂತಿ ಹಾಕಿಟ್ಟಿದ್ದರೆ ಮೊದಲ ಟ್ರಾನ್ಸಿಸ್ಟರ್ ಸುಟ್ಟಿರಬಹುದು.

ಬ್ಯಾಂಡಿನ ಕೆಳಗಿನ ಭಾಗ ಬರುತ್ತದೆ, ಮೇಲಿನ ಭಾಗ ಸತ್ತಂತಿದೆ ಅಂದರೆ ಮೊದಲು ಸೆಲ್ಲು ಬದಲಿಸಿ. ವೋಲ್ಟೇಜು ಇಳಿದಾಗ ಹಳೆಯ ಸೆಟ್ಟಿನ ಆಸಿಲೇಟರ್ (ಟ್ಯೂನ್ ಮಾಡಲು ಒಳಗೇ ಅಲೆ ಹುಟ್ಟಿಸುವ ಭಾಗ) ಮೇಲಿನ ಫ್ರೀಕ್ವೆನ್ಸಿಯಲ್ಲೇ ಮೊದಲು ಕೈಕೊಡುವುದು. ಬ್ಯಾಂಡ್ ಸ್ವಿಚ್ ಅಲುಗಾಡಿಸಿದರೆ ಬಂದು ಹೋಗುತ್ತಿದ್ದರೆ ಒಳಗೆ ಕಿಲುಬು ಹಿಡಿದಿದೆ. ಸ್ವಿಚ್ ಕ್ಲೀನರ್ ಹಾಕಿ ನಾಲ್ಕು ಸಲ ಆ ಕಡೆ ಈ ಕಡೆ ತಿರುಗಿಸಿ.

ಒಂದೇ ಸ್ಟೇಷನ್ ಎರಡು ಜಾಗದಲ್ಲಿ ಕೇಳಿಸಿದರೆ ಗಾಬರಿ ಬೇಡ. ಹಳೆಯ ಸೆಟ್ಟುಗಳ ಐಎಫ್ (ಹಿಡಿದ ಸ್ಟೇಷನ್ನನ್ನು ಸೆಟ್ಟು ಒಳಗೆ ಬದಲಿಸಿಕೊಳ್ಳುವ ನಡುವಿನ ಫ್ರೀಕ್ವೆನ್ಸಿ) 455 ಕಿಲೋಹರ್ಟ್ಸ್. ಅದರ ಎರಡರಷ್ಟು, ಅಂದರೆ 910 ಕಿಲೋಹರ್ಟ್ಸ್ ಕೆಳಗೆ ಜೋರಾದ ಸ್ಟೇಷನ್‌ನ ನೆರಳು ಬೀಳುತ್ತದೆ. 9,800ರಲ್ಲಿ ಇರುವುದು 8,890ರಲ್ಲೂ ಕೇಳಿಸುತ್ತದೆ. ಸೆಟ್ಟು ಕೆಟ್ಟಿಲ್ಲ, ಅದರ ವಿನ್ಯಾಸವೇ ಹಾಗೆ.

ಸ್ಟೇಷನ್ ಇನ್ನೂ ಇದೆಯೇ?

ಇದನ್ನು ಕೇಳಲು ಮನಸ್ಸು ಬರುವುದಿಲ್ಲ, ಆದರೂ ಕೇಳಬೇಕು. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿ 31ಕ್ಕೆ ಶಾರ್ಟ್‌ವೇವ್ ನಿಲ್ಲಿಸಿತು. ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ. ಹಳೆಯ ಫ್ರೀಕ್ವೆನ್ಸಿ ಪಟ್ಟಿ ಹಿಡಿದು ಹುಡುಕಿದರೆ ಗೋಡೆಗೆ ತಲೆ ಚಚ್ಚಿಕೊಂಡಂತೆಯೇ ಸರಿ. ಉಳಿದ ಸ್ಟೇಷನ್‌ಗಳೂ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಫ್ರೀಕ್ವೆನ್ಸಿ ಬದಲಿಸುತ್ತವೆ. ಆ ವಾರ "ರೇಡಿಯೋ ಕೆಟ್ಟಿತು" ಅನ್ನುವವರೇ ಜಾಸ್ತಿ.

ಪಟ್ಟಿಯಲ್ಲಿರುವ ಹೊತ್ತು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಿ. 1500 ಅಂತ ಬರೆದಿದ್ದರೆ ನಮಗೆ ರಾತ್ರಿ 8:30.

ಈಗ ಆಕಾಶ

ಮೇಲಿನದ್ದೆಲ್ಲ ಸರಿಯಿದ್ದರೆ ದಾರಿಯನ್ನೇ ನೋಡಬೇಕು. ಬೆಳಕಿನ ಹಾಗೆ ರೇಡಿಯೋ ಅಲೆಯೂ ನೇರವಾಗಿ ಹೋಗುತ್ತದೆ, ಭೂಮಿ ದುಂಡಗಿದೆ. ಲಂಡನ್‌ನ ಅಲೆ ಬೆಂಗಳೂರಿಗೆ ಬರಲೇಬಾರದು, ಅಲ್ವಾ? 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಕಳಿಸಿದ ಸಂಕೇತ ಅಟ್ಲಾಂಟಿಕ್ ಆಚೆಯ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೇಳಿಸಿತು ಎಂದು ಮಾರ್ಕೋನಿ ಹೇಳಿದಾಗ ಎಲ್ಲರಿಗೂ ಇದೇ ಪ್ರಶ್ನೆ. ಮರುವರ್ಷ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಮೇಲೆ ವಿದ್ಯುತ್ ಹರಿಯುವ ಪದರ ಇರಬೇಕು. ಅದು ನಿಜಕ್ಕೂ ಇದೆ ಎಂದು ಆಪಲ್ಟನ್ 1924ರಲ್ಲಿ ಅಳೆದು ತೋರಿಸಿದರು. 1947ರಲ್ಲಿ ಅವರಿಗೆ ನೊಬೆಲ್ ಬಂತು.

ಅದೇ ಅಯಾನುಗೋಳ. ಸೂರ್ಯನ ಅತಿನೇರಳೆ ಕಿರಣ ಮತ್ತು ಎಕ್ಸ್-ಕಿರಣ ಅಲ್ಲಿನ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಡಿಬಿಡಿ ಮಾಡುತ್ತವೆ. ಈ ಎಲೆಕ್ಟ್ರಾನ್‌ಗಳ ನಡುವೆ ನುಗ್ಗಿದ ಅಲೆ ಬಾಗುತ್ತಾ ಬಾಗುತ್ತಾ ಕೆಳಕ್ಕೆ ತಿರುಗುತ್ತದೆ. ನಮಗೆ ಮುಖ್ಯವಾದ ಪದರ ಎರಡು. 60ರಿಂದ 90 ಕಿ.ಮೀ. ಎತ್ತರದ ಡಿ ಪದರ ಅಲೆಯನ್ನು ಬಾಗಿಸುವುದಿಲ್ಲ, ನುಂಗುತ್ತದೆ. 200 ಕಿ.ಮೀ.ಗಿಂತ ಮೇಲಿನ ಎಫ್ ಪದರ ಬಾಗಿಸಿ ವಾಪಸ್ ಕಳಿಸುತ್ತದೆ. ಎಫ್‌ನಿಂದ ಒಂದು ನೆಗೆತಕ್ಕೆ ಹೆಚ್ಚೆಂದರೆ ಸುಮಾರು 4,000 ಕಿ.ಮೀ. ಬಿದ್ದಲ್ಲಿಂದ ನೆಲವೋ ಕಡಲೋ ಅದನ್ನು ಮತ್ತೆ ಮೇಲಕ್ಕೆ ಎಸೆಯುತ್ತದೆ. ಈ ಕೆಲಸದಲ್ಲಿ ಕಡಲೇ ವಾಸಿ. ಲಂಡನ್‌ನಿಂದ ಬೆಂಗಳೂರಿಗೆ ಸುಮಾರು 8,000 ಕಿ.ಮೀ., ಎರಡು ಮೂರು ನೆಗೆತದ ದಾರಿ. ಆಕಾಶದ ದೋಷವೆಲ್ಲ ಈ ನುಂಗುವ ಪದರ ಮತ್ತು ಬಾಗಿಸುವ ಪದರದ ಜಗಳ.

ಹಗಲಲ್ಲಿ ಇಲ್ಲ, ರಾತ್ರಿ ಇದೆ (ಅಥವಾ ತಿರುಗಾಮುರುಗಾ)

49 ಮತ್ತು 41 ಮೀಟರ್, ಅಂದರೆ 6 ಮತ್ತು 7 ಮೆಗಾಹರ್ಟ್ಸ್ ಆಸುಪಾಸು, ಮಧ್ಯಾಹ್ನ ಖಾಲಿ ಹೊಡೆಯುತ್ತಿದ್ದರೆ ಅದು ಡಿ ಪದರದ ಕೆಲಸ. ಫ್ರೀಕ್ವೆನ್ಸಿ ಇಳಿದಷ್ಟೂ ನುಂಗುವುದು ಜಾಸ್ತಿ. ಎರಡರಷ್ಟು ಏರಿಸಿದರೆ ನುಂಗುವಿಕೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಡಿ ಪದರ ಬೇಗ ಕರಗುತ್ತದೆ, ಆ ಬ್ಯಾಂಡುಗಳು ತುಂಬಿಕೊಳ್ಳುತ್ತವೆ.

16 ಮತ್ತು 13 ಮೀಟರ್, ಅಂದರೆ 17 ಮತ್ತು 21 ಮೆಗಾಹರ್ಟ್ಸ್, ರಾತ್ರಿ ಸತ್ತರೆ ಕಾರಣ ಬೇರೆ. ಬಿಸಿಲಿಲ್ಲದೆ ಎಫ್ ಪದರದ ಎಲೆಕ್ಟ್ರಾನ್ ಕಡಿಮೆಯಾಗುತ್ತಾ ಬರುತ್ತವೆ. ಮೇಲಿನ ಫ್ರೀಕ್ವೆನ್ಸಿಯನ್ನು ಬಾಗಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಅಲೆ ತೂರಿಕೊಂಡು ಬಾಹ್ಯಾಕಾಶಕ್ಕೆ ಹೋಗುತ್ತದೆ. ಒಂದು ದಾರಿಯಲ್ಲಿ ಒಂದು ಹೊತ್ತಿಗೆ ಬಾಗುವ ಅತಿ ಹೆಚ್ಚಿನ ಫ್ರೀಕ್ವೆನ್ಸಿಗೆ ಕೇಳುಗರು ಎಂಯುಎಫ್ ಅನ್ನುತ್ತಾರೆ. ಅದರ ಶೇ. 85ರ ಹತ್ತಿರ ಇಟ್ಟುಕೊಂಡರೆ ಸಾಮಾನ್ಯವಾಗಿ ಮೋಸವಿಲ್ಲ.

ಪರಿಹಾರ ಒಂದೇ ಸಾಲು: ಹಗಲಿಗೆ 19 ಮೀಟರ್ ಮತ್ತು ಅದರ ಮೇಲಿನ ಫ್ರೀಕ್ವೆನ್ಸಿ, ರಾತ್ರಿಗೆ 49, 41, 31 ಮೀಟರ್, ನಡುವಿನ ಹೊತ್ತಿಗೆ 25 ಮತ್ತು 31. ರೇಡಿಯೋ ಸಿಲೋನ್‌ನವರು 25 ಮೀಟರ್, 41 ಮೀಟರ್ ಅಂತ ಎರಡೆರಡು ಬ್ಯಾಂಡು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಒಂದು ಹೋದರೆ ಇನ್ನೊಂದು ಹಿಡಿಯಲಿ ಅಂತ.

ದೂರದ್ದು ಬರುತ್ತದೆ, ಹತ್ತಿರದ್ದು ಬರುತ್ತಿಲ್ಲ

ಎಲ್ಲಕ್ಕಿಂತ ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲಿ. ಬೆಂಗಳೂರಿನಲ್ಲಿ ಆಕಾಶವಾಣಿಯ 500 ಕಿಲೋವಾಟಿನ ಪ್ರಸಾರಕಗಳು ಹೊರದೇಶಗಳ ಕಡೆಗೆ ಕಾರ್ಯಕ್ರಮ ಬಿಡುತ್ತಿದ್ದಾಗ, ಯುರೋಪಿನ ಕೇಳುಗರಿಗೆ ಜೋರಾಗಿ ಕೇಳಿದ್ದು ನಮ್ಮದೇ ರಾಜ್ಯದ ಕೆಲವು ಊರಿನಲ್ಲಿ ಕ್ಷೀಣವಾಗಿ ಕೇಳುತ್ತಿತ್ತು. ಕಾರಣ ಕೋನ. ನೆಲಕ್ಕೆ ಹತ್ತಿರವಾಗಿ ಓರೆಯಾಗಿ ಹೊರಟ ಅಲೆ ಎಫ್ ಪದರವನ್ನು ಸವರಿಕೊಂಡು ಸುಲಭವಾಗಿ ಬಾಗುತ್ತದೆ, ಆದರೆ ತುಂಬಾ ದೂರ ಹೋಗಿ ಇಳಿಯುತ್ತದೆ. ಹತ್ತಿರದ ಊರಿಗೆ ಇಳಿಯಬೇಕಾದರೆ ಅಲೆ ಕಡಿದಾಗಿ ಮೇಲೆ ಹೋಗಿ ಕಡಿದಾಗಿ ಬೀಳಬೇಕು. ಫ್ರೀಕ್ವೆನ್ಸಿ ಹೆಚ್ಚಿದ್ದರೆ ಅಂಥ ಅಲೆ ಬಾಗದೆ ತೂರಿಹೋಗುತ್ತದೆ. ನೆಲದ ಮೇಲೇ ಸಾಗುವ ಅಲೆಯೂ ಕೆಲವು ಹತ್ತು ಕಿಲೋಮೀಟರ್‌ಗೆ ಸುಸ್ತಾಗುತ್ತದೆ. ಇವೆರಡರ ನಡುವೆ ಏನೂ ಕೇಳಿಸದ ಪಟ್ಟಿ ಉಳಿಯುತ್ತದೆ. ವೇಗದೂತ ಬಸ್ಸು ನಡುವಿನ ಹಳ್ಳಿಗಳಲ್ಲಿ ನಿಲ್ಲದ ಹಾಗೆ. ಇದನ್ನು ಸ್ಕಿಪ್ ವಲಯ ಅನ್ನುತ್ತಾರೆ. ರಾತ್ರಿ ಅದು ಇನ್ನೂ ಹಿಗ್ಗುತ್ತದೆ.

ಏರಿಯಲ್ ಎತ್ತರಿಸಿದರೆ, ಉದ್ದ ಮಾಡಿದರೆ ಇದು ಸರಿಹೋಗುವುದಿಲ್ಲ. ಅದೇ ಸ್ಟೇಷನ್‌ನ ಕೆಳಗಿನ ಫ್ರೀಕ್ವೆನ್ಸಿ ಹುಡುಕಿ. 300–400 ಕಿ.ಮೀ. ಒಳಗಿನ ಮಾತಾದರೆ ಹಗಲಲ್ಲಿ 5ರಿಂದ 7 ಮೆಗಾಹರ್ಟ್ಸ್ ಸರಿಯಾದ ಜಾಗ. ದೂರ ಕಡಿಮೆ, ಡಿ ಪದರವನ್ನು ಕಡಿದಾಗಿ ದಾಟುವುದರಿಂದ ನುಂಗುವಿಕೆಯೂ ಕಡಿಮೆ.

ತಟ್ಟನೆ ಎಲ್ಲವೂ ನಿಂತರೆ

ಹಟ್ಟಹಗಲು. ಕೆಳಗಿನ ಬ್ಯಾಂಡು ಮೊದಲು ಹೋಯಿತು, ಕೆಲವೇ ನಿಮಿಷದಲ್ಲಿ ಮೇಲಿನವೂ ಹೋದವು. ಗದ್ದಲ ಕೂಡ ಇಳಿದು ರೇಡಿಯೋ ಸತ್ತಂತೆ ಮೌನ. ಎಫ್‌ಎಂ ಮಾತ್ರ ಎಂದಿನಂತೆ ಬರುತ್ತಿದೆ. ಇದು ಸೌರಜ್ವಾಲೆಯ ಗುರುತು. ಸೂರ್ಯನಲ್ಲಿ ಸಿಡಿದ ಜ್ವಾಲೆಯ ಎಕ್ಸ್-ಕಿರಣ ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದು ಡಿ ಪದರವನ್ನು ದಟ್ಟ ಮಾಡುತ್ತದೆ. ಅದು ಎಲ್ಲವನ್ನೂ ನುಂಗುತ್ತದೆ. ಕೆಲವು ನಿಮಿಷದಿಂದ ಒಂದೆರಡು ಗಂಟೆಯಲ್ಲಿ ತಾನಾಗಿ ಸರಿಹೋಗುತ್ತದೆ. ಮೇಲಿನ ಫ್ರೀಕ್ವೆನ್ಸಿ ಮೊದಲು ವಾಪಸ್ ಬರುತ್ತದೆ, ಕೆಳಗಿನದ್ದು ಕೊನೆಗೆ. ಹಾಗಾಗಿ ಕಾಯುವಾಗ ಮೇಲಿನ ಬ್ಯಾಂಡಿನಲ್ಲಿ ಇಟ್ಟುಕೊಳ್ಳಿ.

ರಾತ್ರಿ ಹೀಗಾದರೆ ಇದು ಜ್ವಾಲೆ ಅಲ್ಲ. ಜ್ವಾಲೆಯ ಎಕ್ಸ್-ಕಿರಣ ಸೂರ್ಯನಿಗೆ ಮುಖ ಮಾಡಿದ ಅರ್ಧ ಭೂಮಿಯನ್ನಷ್ಟೇ ಮುಟ್ಟುತ್ತದೆ. ಆಗ ಮತ್ತೆ ಸೆಲ್ಲು, ತಂತಿ ನೋಡಿ.

ಖಾತ್ರಿ ಮಾಡಿಕೊಳ್ಳಲು ಅಮೆರಿಕದ ನೋವಾ ಸಂಸ್ಥೆಯ ಎಕ್ಸ್-ಕಿರಣ ನಕ್ಷೆ ನೋಡಬಹುದು. ಅದು ಎಂ ಅಥವಾ ಎಕ್ಸ್, ಅಂದರೆ ಜೋರಾದ ಜ್ವಾಲೆಗಳ ವರ್ಗಕ್ಕೆ ಜಿಗಿದಿದ್ದರೆ ಉತ್ತರ ಸಿಕ್ಕಿತು. ಎಂ1ಕ್ಕೆ ಆರ್1, ಎಕ್ಸ್1ಕ್ಕೆ ಆರ್3 ಎಂದು ರೇಡಿಯೋ ಮೌನದ ಮಟ್ಟ ಹೇಳುತ್ತಾರೆ. 2023ರ ಸೆಪ್ಟೆಂಬರ್ 2ರಂದು ಹಾರಿದ ನಮ್ಮ ಆದಿತ್ಯ-ಎಲ್1 ನೌಕೆಯಲ್ಲೂ ಇಂಥ ಜ್ವಾಲೆಯ ಎಕ್ಸ್-ಕಿರಣ ಅಳೆಯುವ ಉಪಕರಣಗಳಿವೆ, ಅವು ಬೆಂಗಳೂರಿನಲ್ಲೇ ತಯಾರಾದವು.

ದಿನಗಟ್ಟಲೆ ಮಂಕಾಗಿದ್ದರೆ

ಅಮೆರಿಕ, ಕೆನಡಾ ಪೂರ್ತಿ ಮಾಯ, ಉತ್ತರ ಯುರೋಪ್ ಅರೆಬರೆ, ಸಿಂಗಪುರ, ಕೊಲಂಬೊ ಕಡೆಯವು ಸರಿಯಾಗಿವೆ. ಹೀಗೆ ದಿಕ್ಕು ನೋಡಿ ಕೆಡುವುದು ಕಾಂತ ಬಿರುಗಾಳಿಯ ಲಕ್ಷಣ. ಸೂರ್ಯ ಉಗುಳಿದ ಕಣಗಳ ಮೋಡ ಒಂದರಿಂದ ಮೂರು ದಿನದಲ್ಲಿ ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಧ್ರುವಗಳ ಹತ್ತಿರದ ದಾರಿಗೆ ಏಟು ಜಾಸ್ತಿ. ಗೋಡೆಯ ನಕಾಶೆಯಲ್ಲಿ ಅಮೆರಿಕ ನಮ್ಮ ಪಶ್ಚಿಮಕ್ಕೆ ಕಾಣುತ್ತದೆ, ಅಲೆಗೆ ಮಾತ್ರ ಅದು ಉತ್ತರಕ್ಕಿದೆ. ಬೆಂಗಳೂರು 77.6 ಡಿಗ್ರಿ ಪೂರ್ವ, ಡಬ್ಲ್ಯುಡಬ್ಲ್ಯುವಿ ಸಮಯ ಸಂಕೇತ ಹೊರಡುವ ಕೊಲರಾಡೋದ ಫೋರ್ಟ್ ಕಾಲಿನ್ಸ್ ಸುಮಾರು 105 ಡಿಗ್ರಿ ಪಶ್ಚಿಮ. ಕೂಡಿಸಿದರೆ 180ರ ಹತ್ತಿರ. ಅಂದರೆ ಅತಿ ಹತ್ತಿರದ ದಾರಿ ಹೆಚ್ಚುಕಡಿಮೆ ಉತ್ತರ ಧ್ರುವದ ಮೇಲೇ.

ಕಾಂತಕ್ಷೇತ್ರದ ಅಲುಗಾಟ ಅಳೆಯುವ ಕೆಪಿ ಸೂಚ್ಯಂಕ 5 ಮುಟ್ಟಿದರೆ ಬಿರುಗಾಳಿ, 9 ಅಂದರೆ ಅತಿ ತೀವ್ರ. 2024ರ ಮೇ 10–11ರಂದು 9 ಮುಟ್ಟಿದಾಗ ಲಡಾಖಿನ ಹಾನ್ಲೆಯಲ್ಲಿ ಕೆಂಪು ಧ್ರುವಪ್ರಭೆ ಕಂಡಿತ್ತು. ಆ ಹೊತ್ತಿನಲ್ಲಿ ಏರಿಯಲ್ ತಿದ್ದುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ದಕ್ಷಿಣದ ಅಥವಾ ಪೂರ್ವದ ಸ್ಟೇಷನ್ ಕೇಳುತ್ತಾ ಒಂದೆರಡು ದಿನ ಕಳೆಯಿರಿ.

ಇನ್ನೂ ನಿಧಾನದ ದೋಷ ಒಂದಿದೆ. 2019–20ರಲ್ಲಿ 13 ಮೀಟರ್ ಬ್ಯಾಂಡು ಹಾಳುಬಿದ್ದ ಜಾಗದಂತಿತ್ತು. 2024ರ ಹೊತ್ತಿಗೆ ಅದು ಜೀವಂತ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಸೂರ್ಯನ ರೇಡಿಯೋ ಸದ್ದನ್ನು ಅಳೆಯುವ ಸೌರ ಫ್ಲಕ್ಸ್ ಎಂಬ ಅಂಕಿ ಇಳಿತದ ಕಾಲದಲ್ಲಿ 70ರ ಆಸುಪಾಸು, ಏರಿದಾಗ 200 ದಾಟುತ್ತದೆ. ಅದು ಇಳಿಯುತ್ತಾ ಹೋದರೆ ಮೇಲಿನ ಬ್ಯಾಂಡು ಬಿಟ್ಟು ಕೆಳಗೆ ಬನ್ನಿ.

ಸಂಜೆಯ ನಡುಕ, ಏರಿಳಿತ, ಪ್ರತಿಧ್ವನಿ

ಸೂರ್ಯ ಮುಳುಗಿ ಒಂದೆರಡು ಗಂಟೆಗೆ ಧ್ವನಿ ಸೆಕೆಂಡಿಗೆ ಹಲವು ಸಲ ನಡುಗಲು ಶುರುವಾದರೆ ಸೆಟ್ಟಿನ ಕೆಪಾಸಿಟರ್ ಬದಲಿಸಲು ಹೋಗಬೇಡಿ. ಇದು ದಕ್ಷಿಣ ಭಾರತದವರಿಗೆ ಚೆನ್ನಾಗಿ ಗೊತ್ತಿರುವ ಕಾಟ. ಭೂಮಿಯ ಕಾಂತ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯಲ್ಲಿ ಹಾದುಹೋಗುತ್ತದೆ. ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಕೇಂದ್ರ ಮಾಡಿ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಿದ್ದಕ್ಕೂ ಇದೇ ಕಾರಣ. ಸಂಜೆ ಇಲ್ಲಿ ಎಫ್ ಪದರ ಮೇಲೇರಿ, ಅದರ ತಳದಿಂದ ಗುಳ್ಳೆಗಳು ಎದ್ದು ಪದರ ಚಿಂದಿಯಾಗುತ್ತದೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೆಚ್ಚು, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇನ್ನೂ ಹೆಚ್ಚು. ನಡುರಾತ್ರಿ ದಾಟಿದ ಮೇಲೆ ಸಾಮಾನ್ಯವಾಗಿ ತಿಳಿಯಾಗುತ್ತದೆ.

ನಿಧಾನವಾಗಿ ಏರಿ ಇಳಿಯುವುದು ಬೇರೆ. ಒಂದೇ ಅಲೆ ಎರಡು ದಾರಿಯಲ್ಲಿ ಬಂದು ಕೆಲವೊಮ್ಮೆ ಕೂಡುತ್ತದೆ, ಕೆಲವೊಮ್ಮೆ ಒಂದನ್ನೊಂದು ಅಳಿಸುತ್ತದೆ. ಮಾತು ಒಡೆದಂತೆ ಕೇಳಿಸಿದರೆ, ಸೆಟ್ಟಿನಲ್ಲಿ ಎಸ್‌ಎಸ್‌ಬಿ (ಅಲೆಯ ಒಂದೇ ಬದಿಯನ್ನು ಹಿಡಿಯುವ ವಿಧಾನ) ಗುಂಡಿ ಇದ್ದರೆ ಅದನ್ನು ಒತ್ತಿ ಸರಿಯಾಗಿ ಟ್ಯೂನ್ ಮಾಡಿ ನೋಡಿ. ಬಹಳಷ್ಟು ಸಲ ಮಾತು ತಿಳಿಯಾಗುತ್ತದೆ.

ಪ್ರತಿಧ್ವನಿ ಬಂದರೆ ಖುಷಿಪಡಿ. ಲಂಡನ್ ಕಡೆಯಿಂದ 8,000 ಕಿ.ಮೀ. ಬಂದ ಅಲೆಯ ಜೊತೆ, ಭೂಮಿಯ ಆ ಬದಿಯಿಂದ 32,000 ಕಿ.ಮೀ. ಸುತ್ತಿ ಬಂದದ್ದೂ ಸೇರಿರಬಹುದು. ಎರಡರ ನಡುವೆ ಅಂತರ ಸೆಕೆಂಡಿನ ನೂರರಲ್ಲಿ ಎಂಟು ಭಾಗ. ಆದರೆ ಪ್ರತಿಧ್ವನಿ ಪ್ರತಿದಿನ ಎಲ್ಲ ಹೊತ್ತಿನಲ್ಲೂ ಇದ್ದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಊರಿನ ಪ್ರಸಾರಕಗಳು ಓಡುತ್ತಿವೆ ಅಂತ ತಿಳಿಯಿರಿ.

ಅನುಮಾನ ಉಳಿದರೆ

ಅಂತರ್ಜಾಲದಲ್ಲಿ ದೂರದಿಂದಲೇ ಟ್ಯೂನ್ ಮಾಡಿ ಕೇಳಬಹುದಾದ, ಬೇರೆ ಬೇರೆ ಊರಿನ ಕಿವಿ-ಎಸ್‌ಡಿಆರ್ ರಿಸೀವರ್‌ಗಳು ಸಾರ್ವಜನಿಕರಿಗೆ ತೆರೆದಿವೆ. ನಮ್ಮ ಸುತ್ತಿನ ಒಂದರಲ್ಲಿ ಅದೇ ಫ್ರೀಕ್ವೆನ್ಸಿ ಹಾಕಿ. ಅಲ್ಲಿ ಜೋರಾಗಿದ್ದು ನಿಮ್ಮಲ್ಲಿ ಇಲ್ಲದಿದ್ದರೆ ದೋಷ ನಿಮ್ಮ ಕಡೆ. ಸ್ಟೇಷನ್ ಹತ್ತಿರದ ರಿಸೀವರ್‌ನಲ್ಲೂ ಇಲ್ಲದಿದ್ದರೆ ಅವರೇ ಹಾಕಿಲ್ಲ.

ಸಮಯ ಸಂಕೇತಗಳೂ ಒಳ್ಳೆಯ ಅಳತೆಗೋಲು. ಚೀನಾದ ಬಿಪಿಎಂ 5, 10, 15 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೊಂದು ಟಿಕ್ ಕಳಿಸುತ್ತದೆ. 15 ಮಾತ್ರ ಹಗಲಿನ ಕೆಲವು ಗಂಟೆ ಅಷ್ಟೇ ಇರುತ್ತದೆ. ಆ ಹೊತ್ತಿನಲ್ಲಿ 10 ಇದ್ದು 15 ಇಲ್ಲ ಅಂದರೆ ಎಂಯುಎಫ್ ಕೆಳಗಿಳಿದಿದೆ. 15 ಇದ್ದು 5 ಇಲ್ಲ ಅಂದರೆ ಡಿ ಪದರ ನುಂಗುತ್ತಿದೆ.

ಎಸ್‌ಎಸ್‌ಬಿ ಇರುವ ಸೆಟ್ಟಿದ್ದರೆ 14.100 ಮೆಗಾಹರ್ಟ್ಸ್‌ಗೆ ಹೋಗಿ. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು ನಡೆಸುವ 18 'ದೀಪಸ್ತಂಭ'ಗಳು (ಗುರುತಿನ ಸಂಕೇತ ಕಳಿಸುವ ಸಣ್ಣ ಪ್ರಸಾರಕಗಳು) ಇಲ್ಲಿ ಮೂರು ನಿಮಿಷದ ಸುತ್ತಿನಲ್ಲಿ ತಲಾ 10 ಸೆಕೆಂಡು ಕೂಗುತ್ತವೆ. ಎಲ್ಲವೂ ಸದಾ ಚಾಲೂ ಇರುವುದಿಲ್ಲ. ಕೊಲಂಬೊದ 4ಎಸ್7ಬಿ ಎಂಬ ಸ್ತಂಭ ಆದ ಮೇಲೆ ದಕ್ಷಿಣ ಆಫ್ರಿಕಾದ ಜೆಡ್ಎಸ್6ಡಿಎನ್, ಆಮೇಲೆ ಕೀನ್ಯಾದ 5ಜೆಡ್4ಬಿ. ಆಫ್ರಿಕಾದವು ಕೇಳಿ, 700 ಕಿ.ಮೀ. ದೂರದ ಕೊಲಂಬೊ ಕೇಳಿಸದಿದ್ದರೆ ಅದು ಸ್ಕಿಪ್ ವಲಯ. ಒಂದೊಂದು ಸ್ತಂಭವೂ ಹೆಸರು ಹೇಳಿದ ಮೇಲೆ ನಾಲ್ಕು ಉದ್ದನೆಯ ಗೆರೆ ಕಳಿಸುತ್ತದೆ: 100 ವಾಟ್, 10 ವಾಟ್, 1 ವಾಟ್, 0.1 ವಾಟ್. ಮೊದಲನೆಯದು ಮಾತ್ರ ಕೇಳಿದರೆ ದಾರಿ ಸಾಧಾರಣ. ಮೂರನೆಯದು ಕೇಳಿದರೆ ದಾರಿಯೂ ಚೆನ್ನಾಗಿದೆ, ನಿಮ್ಮ ಏರಿಯಲ್‌ಗೂ ಏನೂ ಆಗಿಲ್ಲ.